ಸತ್ಕಾರ್ಯವೂ ಸದಾಚಾರವೂ

ಲೋಕೋಪಕಾರವನ್ನು ಮಾಡಿದ ಮಹಾಪುರುಷನಲ್ಲಿ ಒಂದು ತಪ್ಪು ಕಂಡುಬಂದಾಗ ಜನರ ಮನಸ್ಸು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಓಡುವುದು. ಕೆಲವರು ಆ ತಪ್ಪಿನ ಮೇಲೆ ಹೊದಿಕೆಯನ್ನು ಹೊದಿಸುವರು. ಅದನ್ನು ಎತ್ತಿ ಆಡಿದವನನ್ನೇ ದ್ರೋಹಿಯೆಂದು ಕರೆಯುವರು. ಇನ್ನು ಕೆಲವರು ಆತನು ಮಾಡಿದ ಒಳ್ಳೆಯ ಕೆಲಸವೆಲ್ಲವೂ ಬೂಟಾಟಿಕೆಯೇ ಸರಿ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವರು. ಮೊದಲಿನವರಲ್ಲಿ ಭಕ್ತಿಯುಂಟು, ವಿವೇಕವಿಲ್ಲ. ಎರಡನೆಯವರಲ್ಲಿ ರೋಷವುಂಟು, ಕೃತಜ್ಞತೆಯಿಲ್ಲ. ಇವೆರಡನ್ನೂ ಬಿಟ್ಟು ಸದ್ಭಕ್ತನು ಹಿಡಿಯತಕ್ಕ ದಾರಿ ಯಾವುದು? ಇದು ಪಂಡಿತರ ವಾದಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ಊರಿಗೆ ಶಾಲೆಯನ್ನು ಕಟ್ಟಿಸಿದ ಹಿರಿಯನು ಮನೆಯಲ್ಲಿ ಕ್ರೂರಿಯಾಗಿದ್ದನೆಂದು ತಿಳಿದಾಗ, ಬಡವರ ಪಕ್ಷವನ್ನು ಹಿಡಿದು ಹೋರಾಡಿದ ಮುಖಂಡನು ತನ್ನನ್ನು ನಂಬಿ ಬಂದವರಿಗೇ ಅನ್ಯಾಯವೆಸಗಿದನೆಂದು ಕೇಳಿದಾಗ, ಪ್ರತಿಯೊಬ್ಬ ಗೃಹಸ್ಥನ ಎದುರಿಗೂ ಈ ಪ್ರಶ್ನೆಯು ಬಂದು ನಿಲ್ಲುವುದು.

ಇದನ್ನು ವಿಚಾರಮಾಡುವುದಕ್ಕೆ ದಕ್ಷಿಣ ಕನ್ನಡದ ಪುತ್ತೂರು ಸೀಮೆಯಲ್ಲಿ ಒಂದು ಆಧಾರವಿದೆ. ಕಬಕವು ಪುತ್ತೂರಿನ ಮಗ್ಗುಲಲ್ಲೇ ಇರುವ ಊರು. ಎರಡು ಹೆಸರುಗಳೂ ಕೂಡಿ ಅಲ್ಲಿಯ ರೈಲ್ವೆ ನಿಲ್ದಾಣವು ಕಬಕ ಪುತ್ತೂರು ಎನಿಸಿಕೊಂಡಿದೆ. 1934ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಮಹಾತ್ಮಾ ಗಾಂಧೀಜಿಯವರು ಕೊಡಗಿನಿಂದ ಘಟ್ಟವನ್ನಿಳಿದು ಸುಳ್ಯ, ಪುತ್ತೂರುಗಳನ್ನು ಹಾದು ಮಂಗಳೂರಿಗೆ ಬಂದರು. ಆ ಭೇಟಿಯ ನೆನಪಿಗಾಗಿ ಪುತ್ತೂರಿನಲ್ಲಿ ಗಾಂಧಿ ಕಟ್ಟೆಯಿದೆ. ಅವರು ಅಂದು ಕೈಗೊಂಡಿದ್ದುದು ಅಸ್ಪೃಶ್ಯತೆಯ ನಿವಾರಣೆಗಾಗಿ ಹೊರಟ ಹರಿಜನ ಪ್ರವಾಸ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಆರಂಭವಾದ ಆ ಪ್ರವಾಸವು ಸುಮಾರು ಒಂಬತ್ತು ತಿಂಗಳು ನಡೆಯಿತು. ರೈಲು, ಮೋಟಾರು, ಕಾಲ್ನಡಿಗೆಗಳಿಂದ ಸುಮಾರು 12,500 ಮೈಲಿಗಳ ಹಾದಿಯು ಸವೆಯಿತು. ಸುಮಾರು ಎಂಟು ಲಕ್ಷ ರೂಪಾಯಿಗಳ ನಿಧಿಯು ಕೂಡಿತು. ಹಲವೆಡೆ ಕಪ್ಪು ಬಾವುಟಗಳು ಎದುರಾದವು. ಅದೇ ವರ್ಷದ ಜೂನಿನಲ್ಲಿ ಪುಣೆಯಲ್ಲಿ ಅವರ ಪರಿವಾರದ ಮೇಲೆ ಬಾಂಬೂ ಬಿದ್ದಿತು. ಅರುವತ್ತನಾಲ್ಕರ ಮುದುಕರೊಬ್ಬರು ಪ್ರಾಣದ ಹಂಗನ್ನು ತೊರೆದು, ಮುಟ್ಟಬಾರದವರೆಂದು ಊರು ಹೊರಗಿಟ್ಟ ಜನರ ಪರವಾಗಿ ಬೀದಿಬೀದಿಗಳಲ್ಲಿ ಮಾತನಾಡಿದರೆಂಬುದು ಅಲ್ಪವಾದ ಸಂಗತಿಯಲ್ಲ.

ಈ ಕಾರ್ಯದ ಬೇರನ್ನು ಹುಡುಕುತ್ತ ಹೋದರೆ ದಕ್ಷಿಣ ಆಫ್ರಿಕದ ಡರ್ಬನ್ ಪಟ್ಟಣದ ಒಂದು ಮನೆಗೆ ಬರಬೇಕಾಗುವುದು. ಅಲ್ಲಿಯ ಒಂದು ಘಟನೆಯನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಅದು ನಡೆದದ್ದು 1898ರಲ್ಲಿ ಎಂದು ಅವರೇ ಹೇಳುತ್ತಾರೆ. ಅವರ ಕಚೇರಿಯ ಗುಮಾಸ್ತರಲ್ಲಿ ಕೆಲವರು ಅವರ ಮನೆಯಲ್ಲಿಯೇ ವಾಸವಾಗಿದ್ದರು. ಕೋಣೆಗಳಲ್ಲಿ ಬಚ್ಚಲಿನ ಅನುಕೂಲವಿರಲಿಲ್ಲ. ರಾತ್ರಿಯ ಬಳಕೆಗೆ ಪಾತ್ರೆಗಳನ್ನಿಡುತ್ತಿದ್ದರು. ಹೊಸದಾಗಿ ಬಂದವನೊಬ್ಬನು ಪಂಚಮ ಕುಲದಲ್ಲಿ ಹುಟ್ಟಿದ ಕ್ರೈಸ್ತನು. ಅವನ ಪಾತ್ರೆಯನ್ನು ಎತ್ತುವ ಕೆಲಸವು ಕಸ್ತೂರಬಾ ಅವರ ಪಾಲಿಗೆ ಬಂದಿತು. ಹುಟ್ಟಿ ಬೆಳೆದ ಮನೆಯ ಸಂಸ್ಕಾರವು ಅವರನ್ನು ತಡೆಯಿತು. ಆದರೂ ಪತಿಯ ಮಾತನ್ನು ಮೀರಲಾರದೆ, ಕಣ್ಣೀರು ಸುರಿಸುತ್ತ, ಆ ಪಾತ್ರೆಯನ್ನು ಹೊತ್ತುಕೊಂಡು ಮೆಟ್ಟಲಿಳಿದರು. ಪತಿಗೆ ಅದು ಸಾಲದಾಯಿತು. ಹೆಂಡತಿಯು ಆ ಕೆಲಸವನ್ನು ನಗುಮುಖದಿಂದ ಮಾಡಬೇಕೆಂದು ಅವರು ಹಟ ಹಿಡಿದರು, ಗದರಿದರು. ಆಕೆ ತಿರುಗಿ ಮಾತನಾಡಿದಾಗ ಕೈಹಿಡಿದೆಳೆದು ಬಾಗಿಲಿನ ತನಕ ಒಯ್ದು ಹೊರಗೆ ದಬ್ಬಲು ಬಾಗಿಲನ್ನು ತೆರೆದರು. ಪರದೇಶದಲ್ಲಿ ತಾಯಿತಂದೆಗಳಿಲ್ಲದ ತಾನು ಎಲ್ಲಿಗೆ ಹೋಗಬೇಕು, ನಿಮಗೆ ನಾಚಿಕೆಯಿಲ್ಲವೇ ಎಂದು ಆಕೆ ಕೇಳಿದ ಮೇಲೆ ಅವರು ನಾಚಿ ಬಾಗಿಲನ್ನು ಮುಚ್ಚಿದರು.

ಈ ಘಟನೆಯನ್ನು ಸಾವಧಾನವಾಗಿ ನೋಡಬೇಕು. ಇಲ್ಲಿ ಸತ್ಕಾರ್ಯವು ಒಂದು ದಿನ, ದುಷ್ಕಾರ್ಯವು ಮತ್ತೊಂದು ದಿನ ನಡೆದುದಲ್ಲ. ಪಂಚಮನನ್ನು ಸಮಾನನೆಂದು ಕಾಣುವ ವ್ರತವೂ, ಹೆಂಡತಿಯನ್ನು ಸಮಾನಳೆಂದು ಕಾಣದ ದರ್ಪವೂ ಒಂದೇ ಗಳಿಗೆಯಲ್ಲಿ, ಒಂದೇ ಕೈಯಿಂದ ಹೊರಟವು. ವ್ರತವು ಸರಿಯಾದುದು. ಅದನ್ನು ತನ್ನ ಮೈಮೇಲೆ ಹೊರುವುದೂ ಸರಿಯಾದುದು. ಆದರೆ ತನ್ನ ವ್ರತದ ಭಾರವನ್ನು ಇನ್ನೊಬ್ಬರ ಹೆಗಲಿಗೆ ಬಲವಂತದಿಂದ ಏರಿಸಿ, ಅವರು ಅತ್ತರೆ ಅಳುವುದೂ ತಪ್ಪೆನ್ನುವುದು ಧರ್ಮವಾಗಲಾರದು. ಶರಣಧರ್ಮದ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ಎಲ್ಲರಿಗಿಂತ ತಾನು ಕಿರಿಯನೆಂದು ತಿಳಿದು ನಡೆಯುವುದೇ ಅದರ ಲಕ್ಷಣ. ಲೋಕಕ್ಕೆ ಭೃತ್ಯನಾದವನು ಮನೆಗೆ ಮಾತ್ರ ಒಡೆಯನಾಗಿ ಉಳಿದರೆ ಆ ಆಚಾರವು ಹೊಸ್ತಿಲ ಹೊರಗೇ ನಿಂತಂತಾಯಿತು.

ಮುಂದಿನ ದಿನಗಳಲ್ಲಿಯೂ ಇದೇ ಎಳೆಯು ಕಾಣುವುದು. ಹಿರಿಯ ಮಗನಾದ ಹರಿಲಾಲನು ತಂದೆಯ ಸತ್ಯಾಗ್ರಹದಲ್ಲಿ ಸೇರಿ ದಕ್ಷಿಣ ಆಫ್ರಿಕದಲ್ಲಿ ಹಲವು ಬಾರಿ ಸೆರೆಮನೆಯನ್ನು ಕಂಡವನು. ವಿಲಾಯತಿಗೆ ಹೋಗಿ ಓದಬೇಕೆಂಬ ಹಂಬಲವು ಅವನಲ್ಲಿತ್ತು. ಅದಕ್ಕೆ ಒದಗಿದ ವಿದ್ಯಾರ್ಥಿವೇತನವನ್ನು ತಂದೆಯು ಬೇರೆಯವರಿಗೆ ಕೊಡಿಸಿದರು. ಸ್ವಜನಪಕ್ಷಪಾತವಾಗಬಾರದೆಂಬ ನೀತಿಯು ದೊಡ್ಡದೇ. ಆದರೆ ಆ ನೀತಿಗೆ ಬೆಲೆ ತೆತ್ತವನು ಮಗನು. 1911ರಲ್ಲಿ ಅವನು ತಂದೆಯನ್ನು ತೊರೆದು ಭಾರತಕ್ಕೆ ಹೊರಟನು. ಅವನ ಉಳಿದ ಬಾಳು ದುಃಖದಿಂದ ತುಂಬಿದ್ದಾಗಿ, 1948ರಲ್ಲಿ, ತಂದೆಯು ಹತರಾದ ಕೆಲವೇ ತಿಂಗಳುಗಳಲ್ಲಿ, ಮುಗಿಯಿತು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿಯು ನೌಖಾಲಿಯದು. 1946ರ ಕೊನೆಯಲ್ಲಿ ಮತೀಯ ಹತ್ಯೆಗಳಿಂದ ಬೆಂದಿದ್ದ ಬಂಗಾಳದ ಆ ಸೀಮೆಯಲ್ಲಿ ಎಪ್ಪತ್ತೇಳು ವರ್ಷದ ಗಾಂಧೀಜಿಯವರು ಹಳ್ಳಿಯಿಂದ ಹಳ್ಳಿಗೆ ನಡೆದು ಶಾಂತಿಯನ್ನು ಬಿತ್ತುತ್ತಿದ್ದರು. ಆ ಕಾಲದಲ್ಲಿಯೇ ಅವರು ತಮ್ಮ ಬ್ರಹ್ಮಚರ್ಯದ ಪರೀಕ್ಷೆಗೆಂದು, ಸಂಬಂಧದಲ್ಲಿ ಮೊಮ್ಮಗಳಾಗಬೇಕಾದ, ಇನ್ನೂ ಇಪ್ಪತ್ತು ತುಂಬದ ಮನು ಎಂಬ ತರುಣಿಯನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಇದನ್ನು ಅವರು ಬಚ್ಚಿಡಲಿಲ್ಲ. ಪ್ರಾರ್ಥನಾಸಭೆಯಲ್ಲಿಯೂ ಹೇಳಿದರು, ಪತ್ರಗಳಲ್ಲಿಯೂ ಬರೆದರು. ಆದರೆ ಬಚ್ಚಿಡದ ಮಾತ್ರಕ್ಕೆ ಅದು ನಿರ್ದೋಷವಾಗುವುದಿಲ್ಲ. ಅವರ ಜೊತೆಗಿದ್ದು ಬಂಗಾಳಿಯನ್ನು ಅನುವಾದಿಸುತ್ತಿದ್ದ ವಿದ್ವಾಂಸರಾದ ನಿರ್ಮಲಕುಮಾರ ಬೋಸರು ಇದನ್ನು ಎದುರಿಗೇ ಆಕ್ಷೇಪಿಸಿದರು. 1947ರಲ್ಲಿ ಆ ಸೇವೆಯನ್ನು ಬಿಟ್ಟು ಹೋದರು. 1953ರಲ್ಲಿ ಗ್ರಂಥವೊಂದರಲ್ಲಿ ಎಲ್ಲವನ್ನೂ ಬರೆದರು. ಬೆರಳಚ್ಚುಗಾರರಾಗಿದ್ದ ಪರಶುರಾಮರೂ ಬಿಟ್ಟು ಹೋದರು. ಹರಿಜನ ಪತ್ರಿಕೆಗಳ ಹೊಣೆಯನ್ನು ಹೊತ್ತಿದ್ದ ಕಿಶೋರಲಾಲ ಮಶ್ರುವಾಲಾ, ನರಹರಿ ಪಾರೀಖ ಎಂಬ ಆಪ್ತರಿಬ್ಬರು ಆ ಹೊಣೆಯಿಂದ ಹಿಂದೆಗೆದರು. ಠಕ್ಕರ್ ಬಾಪಾ ಅವರು ಬಂದು ಮಾತನಾಡಿದ ಮೇಲೆ ಆ ಅಭ್ಯಾಸವು ಕೆಲಕಾಲ ನಿಂತಿತು. ಬೋಸರ ಆಕ್ಷೇಪದ ತಿರುಳನ್ನು ಗಮನಿಸಬೇಕು. ಅವರು ಗಾಂಧೀಜಿಯವರ ಮನಃಶುದ್ಧಿಯನ್ನು ಸಂಶಯಿಸಲಿಲ್ಲ. ಪರೀಕ್ಷೆಗೆ ಸಾಧನವಾದ ಸ್ತ್ರೀಯ ಮನಸ್ಸಿನ ಮೇಲೆ ಅದರ ಪರಿಣಾಮವೇನು ಎಂದು ಕೇಳಿದರು. ಒಬ್ಬನ ತಪಸ್ಸಿಗೆ ಮತ್ತೊಬ್ಬರು ಒರೆಗಲ್ಲಾಗಬಹುದೇ ಎಂಬುದೇ ಆ ಪ್ರಶ್ನೆಯ ಸಾರ.

ಇಲ್ಲಿ ಕೆಲವು ಸಮಾಧಾನಗಳನ್ನು ಹೇಳುವುದುಂಟು. ಆ ಕಾಲವೇ ಬೇರೆ, ಅಂದು ಗಂಡನ ಅಧಿಕಾರವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ ಎಂಬುದು ಮೊದಲನೆಯ ಸಮಾಧಾನ. ಇದು ನಿಲ್ಲುವ ಮಾತಲ್ಲ. 1898ರ ಆ ದಿನ ಬಾಗಿಲ ಬಳಿ ನಿಂತ ಕಸ್ತೂರಬಾ ಅವರಿಗೇ ಅದು ಅನ್ಯಾಯವೆಂದು ತಿಳಿದಿತ್ತು. ನೌಖಾಲಿಯದು ಸರಿಯಲ್ಲವೆಂದು ಹೇಳಿದವರೂ ಅದೇ ಕಾಲದವರೇ, ಅದೇ ಆಶ್ರಮದ ಮಾರ್ಗದವರೇ. ತಪ್ಪನ್ನು ತಪ್ಪೆನ್ನಲು ನೂರು ವರ್ಷ ಕಾಯಬೇಕಾಗಿರಲಿಲ್ಲ. ಅನುಭವಿಸಿದವರ ಮಾತಿಗೆ ಕಿವಿಗೊಟ್ಟಿದ್ದರೆ ಅಂದೇ ತಿಳಿಯುತ್ತಿತ್ತು.

ಅವರೇ ತಪ್ಪನ್ನು ಒಪ್ಪಿಕೊಂಡಿದ್ದಾರಲ್ಲ, ಇನ್ನೇನು ಎಂಬುದು ಎರಡನೆಯ ಸಮಾಧಾನ. ಡರ್ಬನ್ನಿನ ಘಟನೆಯ ಮಟ್ಟಿಗೆ ಇದು ನಿಜ. ಹಾಗೆ ಬರೆಯಲು ಧೈರ್ಯ ಬೇಕು. ಅಷ್ಟು ಧೈರ್ಯವು ಎಲ್ಲ ನಾಯಕರಲ್ಲಿಯೂ ಇರುವುದಿಲ್ಲ. ಆದರೆ ಒಪ್ಪಿಕೊಳ್ಳುವಿಕೆಯು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ. ಆ ದಿನದ ಕಥೆಯು ಲೋಕಕ್ಕೆ ತಿಳಿದದ್ದು ಪತಿಯ ಲೇಖನಿಯಿಂದ. ಪತ್ನಿಯು ಅದನ್ನು ಬರೆದಿದ್ದರೆ ಹೇಗೆ ಬರೆಯುತ್ತಿದ್ದರೋ ಯಾರು ಬಲ್ಲರು? ಮನು ದಿನಚರಿಯನ್ನು ಬರೆದಳು, ನಿಜ. ಆದರೆ ಅದನ್ನು ಗಾಂಧೀಜಿಯವರೇ ಓದಿ ರುಜುಹಾಕುತ್ತಿದ್ದರು. ಗುರುವು ಓದುವನೆಂದು ತಿಳಿದು ಶಿಷ್ಯೆಯು ಬರೆದ ಮಾತಿನಿಂದ ಆಕೆಯ ಮನಸ್ಸಿನ ಆಳವನ್ನು ಅಳೆಯುವುದು ಕಷ್ಟ.

ಹಿರಿಯರ ದೋಷವನ್ನೆತ್ತುವುದು ನಿಂದೆಯಲ್ಲವೇ ಎಂಬುದು ಮೂರನೆಯದು. ದ್ವೇಷದಿಂದ ಇಲ್ಲದ್ದನ್ನು ಹುಟ್ಟಿಸಿ ಹೇಳುವುದು ನಿಂದೆ. ಇದ್ದುದನ್ನು ಹಿಗ್ಗಿಸಿ ನಗುವುದೂ ನಿಂದೆಯೇ. ನೊಂದವರ ಗೌರವಕ್ಕಾಗಿ ಇದ್ದುದನ್ನು ಇದ್ದಷ್ಟೇ ಹೇಳುವುದು ಸತ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನೊಂದವರ ಬಾಯನ್ನು ಕಟ್ಟಿದಂತಾಗುವುದು.

ಹಾಗಾದರೆ ಆ ಕಟ್ಟೆಯ ಹೆಸರನ್ನು ಅಳಿಸಬೇಕೇ? ಗಾಂಧೀಜಿಯವರು ದಕ್ಷಿಣ ಆಫ್ರಿಕದ ಆರಂಭದ ವರ್ಷಗಳಲ್ಲಿ ಅಲ್ಲಿಯ ಕರಿಯ ಜನರನ್ನು ಕೀಳಾಗಿ ಬರೆದುದನ್ನು ನೆನೆದು, ಘಾನಾ ದೇಶದ ವಿಶ್ವವಿದ್ಯಾನಿಲಯದಲ್ಲಿ 2016ರಲ್ಲಿ ನಿಲ್ಲಿಸಿದ ಅವರ ಪ್ರತಿಮೆಯನ್ನು 2018ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಅವಮಾನಕ್ಕೆ ಒಳಗಾದ ಜನಾಂಗದವರಿಗೆ ತಮ್ಮ ಅಂಗಳದಲ್ಲಿ ಯಾರ ಮೂರ್ತಿ ಇರಬೇಕೆಂದು ನಿರ್ಣಯಿಸುವ ಹಕ್ಕುಂಟು. ಆದರೆ ಮೂರ್ತಿಯು ಇದ್ದರೂ ಹೋದರೂ ವಿವೇಕದ ಕೆಲಸವು ಮುಗಿಯದು. ಮಾಡಿದ ಕಾರ್ಯ ಯಾವುದು, ಮಾಡಿದವನು ಯಾರು ಎಂಬುದನ್ನು ಬೇರೆಬೇರೆಯಾಗಿ ನೋಡುವುದನ್ನು ಮೊದಲು ಕಲಿಯಬೇಕು.

ಪುತ್ತೂರಿನ ಕಡೆಯ ಅಡಿಕೆಯ ಬೆಳೆಗಾರರು ಸುಲಿದ ಚಾಲಿಯನ್ನು ಆರಿಸುವಾಗ ಪಟೋರವನ್ನೂ ಕರಿಗೋಟನ್ನೂ ಬೇರೆ ಮಾಡುವರು. ಕರಿಗೋಟು ಇದೆಯೆಂದು ರಾಶಿಯನ್ನೆಲ್ಲ ಹೊಳೆಗೆ ಚೆಲ್ಲುವುದಿಲ್ಲ. ಒಳ್ಳೆಯ ಅಡಿಕೆ ಬಹಳವಿದೆಯೆಂದು ಕರಿಗೋಟನ್ನು ಅದರೊಳಗೆ ಸೇರಿಸಿ ಮಾರುವವನನ್ನು ಪ್ರಾಮಾಣಿಕನೆನ್ನುವುದೂ ಇಲ್ಲ. ಮನುಷ್ಯನ ಕಾರ್ಯಗಳಿಗೂ ಇದು ಒಂದು ಮಿತಿಯವರೆಗೆ ಸಲ್ಲುವುದು. ಕಾರ್ಯಗಳನ್ನು ಆರಿಸಿ ಬೇರೆಯಿಡಬಹುದು. ಮಾಡಿದವನನ್ನು ಮಾತ್ರ ಎರಡು ರಾಶಿಯಾಗಿ ಒಡೆಯಲಾಗದು. ಅಸ್ಪೃಶ್ಯತೆಗೆ ಮಣಿಯದ ಛಲವೂ, ಹೆಂಡತಿಯ ಕಣ್ಣೀರಿಗೆ ಮಣಿಯದ ಛಲವೂ ಒಂದೇ ಬೇರಿನವು. ಆದುದರಿಂದಲೇ ಒಳ್ಳೆಯ ಗಾಂಧಿ, ಕೆಟ್ಟ ಗಾಂಧಿ ಎಂದು ಇಬ್ಬರನ್ನು ಕಲ್ಪಿಸಿಕೊಂಡು ಒಬ್ಬರಿಗೆ ಮಾತ್ರ ಕೈಮುಗಿಯುವುದು ಆತ್ಮವಂಚನೆ. ಇದ್ದವರು ಒಬ್ಬರೇ.

ಈ ವಿಷಯದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ವೃತ್ತಾಂತವು ದಾರಿದೀಪವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಜನರಿಗಾಗಿ ಕೆರೆಯನ್ನು ಕಟ್ಟಿಸಿದರು, ಗುಡಿಯನ್ನು ಕಟ್ಟಿಸಿದರು, ಸಾವಿರಾರು ಜನರನ್ನು ಲೋಕಹಿತದ ಕೆಲಸದಲ್ಲಿ ತೊಡಗಿಸಿದರು. ಅಂತಹ ಕರ್ಮಯೋಗಿಯ ಬಳಿಗೆ ಅಲ್ಲಮಪ್ರಭುಗಳು ಬಂದು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕಿದರೆಂದೂ, ಅದನ್ನು ಸಹಿಸದ ಶಿಷ್ಯರು ಕಲ್ಲುಗಳನ್ನೆಸೆದರೆಂದೂ ಶೂನ್ಯಸಂಪಾದನೆಯು ತಿಳಿಸುವುದು. ಕೆರೆಯನ್ನು ತೋಡಿಸಿದವನಲ್ಲಿ ತಾನು ಮಾಡಿದೆನೆಂಬ ಅಹಂಕಾರವು ಉಳಿದಿದ್ದರೆ ಆ ಪುಣ್ಯವೂ ಬಂಧನವೇ ಎಂಬುದು ಪ್ರಭುಗಳ ಬೋಧೆಯಾಗಿತ್ತು. ಈ ವೃತ್ತಾಂತದಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಒಂದನೆಯದು, ಪ್ರಭುಗಳು ಕೆರೆಯನ್ನು ಒಡೆಯಿರೆಂದು ಹೇಳಲಿಲ್ಲ. ಸೊಲ್ಲಾಪುರದಲ್ಲಿ ಆ ಕೆರೆಯು ಇಂದಿಗೂ ಇದೆ. ಎರಡನೆಯದು, ಕೆರೆಯು ದೊಡ್ಡದೆಂಬ ಕಾರಣದಿಂದ ಕಟ್ಟಿಸಿದವನನ್ನು ವಿಚಾರಣೆಯಿಂದ ಬಿಡಲೂ ಇಲ್ಲ. ಕಲ್ಲೆಸೆದವರು ಶಿಷ್ಯರು, ಮಾತಿನ ಮರ್ಮವನ್ನರಿತು ತಲೆಬಾಗಿದವರು ಸಿದ್ಧರಾಮರು. ನಾಯಕನಿಗಿಂತ ಅನುಯಾಯಿಗಳೇ ಪ್ರಶ್ನೆಗೆ ಹೆಚ್ಚು ಹೆದರುವರೆಂಬುದು ಇಂದಿಗೂ ಕಾಣುವ ಮಾತು.

ಅವರು ಏಕೆ ಹೆದರುವರು? ನಾಯಕನ ಹೆಸರು ಕುಂದಿದರೆ ಕಾರ್ಯವೇ ಕುಸಿಯುವುದೆಂದು. ಸತ್ಕಾರ್ಯವನ್ನೆಲ್ಲ ಒಬ್ಬನ ಖಾತೆಗೆ ಬರೆದವರಿಗೆ ಮಾತ್ರ ಈ ಭಯ. ಅಸ್ಪೃಶ್ಯತೆಯ ವಿರುದ್ಧ ನಡೆದ ಹೋರಾಟವು ಒಬ್ಬರದ್ದಾಗಿರಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಿದವರು ಡಾಕ್ಟರ್ ಅಂಬೇಡ್ಕರರೂ ಅವರೊಡನೆ ನಡೆದ ಸಾವಿರಾರು ಜನರೂ. 1936ರಲ್ಲಿ ತಿರುವಾಂಕೂರಿನ ದೇವಾಲಯಗಳ ಬಾಗಿಲು ತೆರೆದುದರ ಹಿಂದೆ ಅನೇಕರ ಬೆವರಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆ ರಕ್ಷಣೆಯು ಯಾವ ನಾಯಕನ ಚಾರಿತ್ರ್ಯದ ಮೇಲೆಯೂ ನಿಂತಿಲ್ಲ. ಕಸ್ತೂರಬಾ ಅವರೂ ಕೇವಲ ನೊಂದ ಪತ್ನಿಯಲ್ಲ. 1913ರಲ್ಲಿ ದಕ್ಷಿಣ ಆಫ್ರಿಕದ ಸತ್ಯಾಗ್ರಹದಲ್ಲಿ ಮೂರು ತಿಂಗಳ ಸೆರೆವಾಸವನ್ನು ಅನುಭವಿಸಿದವರು, 1944ರ ಫೆಬ್ರವರಿಯಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗಲೇ ಪ್ರಾಣವನ್ನು ಬಿಟ್ಟವರು. ಸತ್ಕಾರ್ಯವು ಬಹುಜನರ ಸೊತ್ತು. ಅದರ ಫಲವು ಉಂಡವರದು, ಕುಡಿದವರದು. ತಪ್ಪು ಮಾತ್ರ ಮಾಡಿದವನದು. ಸತ್ಕಾರ್ಯದ ಹಿರಿಮೆಯನ್ನೆಲ್ಲ ಒಬ್ಬನಿಗೆ ಕೊಟ್ಟು, ಅವನ ತಪ್ಪಿನ ಭಾರವನ್ನು ನೊಂದವರ ಮೌನದ ಮೇಲೆ ಹೊರಿಸುವುದು ತಲೆಕೆಳಗಾದ ಲೆಕ್ಕ.

ವ್ಯಾಪಾರಸ್ಥನಾದ ಗೃಹಸ್ಥನಿಗೆ ಇದು ಸುಲಭವಾಗಿ ತಿಳಿಯುವ ಮಾತು. ಬಸಪ್ಪನಿಗೆ ಕೊಡಬೇಕಾದ ಸಾಲವನ್ನು ಗುರುಪಾದಪ್ಪನಿಗೆ ದಾನ ಮಾಡಿದೆನೆಂದು ಹೇಳಿ ಹೊಡೆದುಹಾಕಲು ಬರುವುದಿಲ್ಲ. ಊರಿನ ಸಾವಿರ ಜನರಿಗೆ ಮಾಡಿದ ಉಪಕಾರವು ಒಬ್ಬಳಿಗೆ ಮಾಡಿದ ಅಪಕಾರದ ಋಣವನ್ನು ತೀರಿಸಲಾರದು. ಆ ಋಣದ ಚೀಟಿಯು ಆಕೆಯ ಕೈಯಲ್ಲಿದೆ. ಕ್ಷಮಿಸುವ ಅಧಿಕಾರವು ಆಕೆಗೆ ಮಾತ್ರ ಸೇರಿದುದು. ಉಪಕಾರವನ್ನು ಪಡೆದ ಸಾವಿರ ಜನರೂ ಒಟ್ಟುಗೂಡಿ ಆಕೆಯ ಪರವಾಗಿ ಕ್ಷಮಿಸಿಬಿಡುವಂತಿಲ್ಲ. ಅದೇ ರೀತಿ, ಆ ಅಪಕಾರವನ್ನು ತೋರಿಸಿ ಸಾವಿರ ಜನರು ಪಡೆದ ಉಪಕಾರವು ಸುಳ್ಳೆಂದು ಸಾಧಿಸಲೂ ಬರುವುದಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಯನ್ನು ಮುಚ್ಚದೆ, ಎರಡನ್ನೂ ತೆರೆದಿಟ್ಟು ಓದುವುದೇ ನ್ಯಾಯ. ಕಟ್ಟೆಯ ಹೆಸರು ಉಳಿಯಲಿ. ಅಲ್ಲಿ ನಿಂತು ಮಕ್ಕಳಿಗೆ 1934ರ ಪ್ರವಾಸದ ಕಥೆಯನ್ನು ಹೇಳುವವರು ಡರ್ಬನ್ನಿನ ಬಾಗಿಲ ಕಥೆಯನ್ನೂ, ಕಸ್ತೂರಬಾ ಅವರು ಕೇಳಿದ ಪ್ರಶ್ನೆಯನ್ನೂ ಹೇಳಲಿ. ಹಾಗೆ ಕೇಳಿದ ಮಕ್ಕಳು ಅಸ್ಪೃಶ್ಯತೆಯನ್ನೂ ದ್ವೇಷಿಸುವರು, ಮನೆಯೊಳಗಿನ ದರ್ಪವನ್ನೂ ದ್ವೇಷಿಸುವರು. ಅರ್ಧ ಕಥೆಯನ್ನು ಕೇಳಿ ಬೆಳೆದ ಮಕ್ಕಳೋ, ಉಳಿದರ್ಧವು ಮುಂದೆ ತಿಳಿದ ದಿನ ಎರಡನ್ನೂ ನಂಬದೆ ಹೋಗುವರು.

ಕೊನೆಗೆ ಈ ವಿಚಾರವು ದೊಡ್ಡವರನ್ನು ಬಿಟ್ಟು ಗೃಹಸ್ಥನ ಮನೆಯ ಬಾಗಿಲಿಗೇ ಬರುವುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿಯಾದ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರೂ ಹಾಗೆಯೇ ಮಾಡಿದರು. ತಂದದ್ದು ದಾಸೋಹಕ್ಕಾಗಿಯೇ; ಉದ್ದೇಶವು ಒಳ್ಳೆಯದೇ. ಆದರೂ ಒಳ್ಳೆಯ ಉದ್ದೇಶದ ನೆರಳಿನಲ್ಲಿ ಹೊಕ್ಕ ಆಸೆಯನ್ನು ಪತ್ನಿಯು ಕಂಡರು, ಪತಿಯು ಕೇಳಿದರು. ಈ ದಂಪತಿಗಳ ಹಿರಿಮೆಯು ಲಕ್ಕಮ್ಮನವರು ಹೇಳಿದುದರಲ್ಲಿ ಎಷ್ಟಿದೆಯೋ ಮಾರಯ್ಯನವರು ಕೇಳಿದುದರಲ್ಲಿಯೂ ಅಷ್ಟೇ ಇದೆ. ಲೋಕಸೇವೆಗೆ ಹೊರಟವನಿಗೆ ಹತ್ತಿರದವರ ಬೇಡವೆಂಬ ಮಾತೇ ನಿಜವಾದ ಪರೀಕ್ಷೆ. ಸಭೆಯು ಚಪ್ಪಾಳೆ ತಟ್ಟುವುದು, ಹಾರ ಹಾಕುವುದು. ಅವನ ನಡೆಯ ನಿಜವು ಅದಕ್ಕೆ ತಿಳಿಯದು. ಅದು ತಿಳಿದಿರುವುದು ಅಡಿಗೆಯ ಮನೆಯಲ್ಲಿರುವವರಿಗೆ, ಕೈಕೆಳಗೆ ದುಡಿಯುವವರಿಗೆ, ಎದುರಾಡಲು ಅಂಜುವ ಮಕ್ಕಳಿಗೆ.

ಆದುದರಿಂದ ಸಂಘವನ್ನು ನಡೆಸುವವರೂ, ಶಾಲೆ ಪ್ರಸಾದನಿಲಯಗಳನ್ನು ಕಟ್ಟುವವರೂ, ಮಠಗಳ ಸೇವೆಯಲ್ಲಿರುವವರೂ ಒಂದು ಮಾತನ್ನು ನೆನಪಿನಲ್ಲಿಡತಕ್ಕದ್ದು. ತಮ್ಮ ಹತ್ತಿರದವರೊಬ್ಬರು ಅಳುತ್ತ ಬಂದು ಒಂದು ದೂರನ್ನು ಹೇಳಿದಾಗ, ಹೇಳಿದ ಮಾತು ನಿಜವೇ ಎಂದು ಸರಿಯಾಗಿ ವಿಚಾರಿಸಬೇಕು. ಹೆಸರು ಕೆಡುವುದೆಂದು ಅವರನ್ನು ಸುಮ್ಮನಾಗಿಸಬಾರದು. ಕೇಳಿಯೂ ಸುಮ್ಮನಿದ್ದವನು ಆ ತಪ್ಪಿನಲ್ಲಿ ಪಾಲುಗಾರನಾಗುವನು. ಅವನ ಪಾಲಿನ ಲೆಕ್ಕವು ಅವನ ಹೆಸರಿನಲ್ಲಿಯೇ ಬೇರೆಯಾಗಿ ಬೆಳೆಯುವುದು. ಗುರುಹಿರಿಯರಲ್ಲಿ ಭಕ್ತಿಯಿರಲಿ, ಅವರ ಕಾರ್ಯದಲ್ಲಿ ಕೃತಜ್ಞತೆಯಿರಲಿ. ನೊಂದವರ ಮಾತನ್ನು ಕೇಳುವ ಕಿವಿಯನ್ನು ಮಾತ್ರ ಯಾರ ಕೀರ್ತಿಗೂ ಒತ್ತೆಯಿಡದಿರಲಿ. ಸತ್ಕಾರ್ಯಕ್ಕೆ ಸದಾಚಾರವು ಕೂಡಿದಾಗಲೇ ಸೇವೆಯು ಪೂರ್ಣವಾಗುವುದು. ಕೂಡದಿದ್ದಲ್ಲಿ ಕೂಡಲಿಲ್ಲವೆಂದು ಹೇಳುವುದೂ ಭಕ್ತನ ಧರ್ಮವೇ ಆಗಿದೆ.